‘ಸಾಹಸಿ’ ಎನ್ನಿಸಿಕೊಳ್ಳುವ ಮುನ್ನ

ಕನ್ನಡದಲ್ಲಿ ‘ಸಾಹಸಿ’ ಎಂಬುದು ಮೆಚ್ಚುಗೆಯ ಮಾತು. ಹಿಮಾಲಯ ಏರಿದವರು, ಒಂಟಿಯಾಗಿ ಕಡಲು ದಾಟಿದವರು, ಹೊಳೆಗೆ ಬಿದ್ದ ಮಗುವನ್ನು ದಡ ಸೇರಿಸಿದವರು ಎಲ್ಲರೂ ಸಾಹಸಿಗಳೇ. ಆದರೆ ಎರಡು ಸಾವಿರ ವರ್ಷಗಳ ಹಿಂದೆ ಯಾರಿಗಾದರೂ ಈ ಹೆಸರು ಅಂಟಿದ್ದರೆ ಆತನಿಗೆ ಹಾರ ತುರಾಯಿ ಸಿಗುತ್ತಿರಲಿಲ್ಲ. ದಂಡ ಕಟ್ಟಲು ಹಣ ಹೊಂದಿಸಬೇಕಾಗುತ್ತಿತ್ತು!

ಸಂಸ್ಕೃತದಲ್ಲಿ ‘ಸಹಸ್’ ಎಂದರೆ ಬಲ. ಬಲಪ್ರಯೋಗದಿಂದ ನಡೆಯುವ ಕೃತ್ಯವೇ ಸಾಹಸ. ಮನುಸ್ಮೃತಿಯು ಹೇಳುವ 18 ಬಗೆಯ ವ್ಯಾಜ್ಯಗಳಲ್ಲಿ ಸಾಹಸವೂ ಒಂದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಷಯ ಇನ್ನೂ ಸ್ಪಷ್ಟವಾಗಿದೆ. ಒಡೆಯನಿಲ್ಲದಾಗ ವಸ್ತುವನ್ನು ಒಯ್ದರೆ ಅದು ಕಳವು. ಅವನ ಎದುರಿಗೇ ಬಲಾತ್ಕಾರದಿಂದ ಕಿತ್ತುಕೊಂಡರೆ ಸಾಹಸ. ದಂಡಗಳಿಗೂ ಅದೇ ಹೆಸರು. ಪೂರ್ವ ಸಾಹಸದಂಡ 48ರಿಂದ 96 ಪಣ, ಮಧ್ಯಮ ಸಾಹಸದಂಡ 200ರಿಂದ 500 ಪಣ, ಉತ್ತಮ ಸಾಹಸದಂಡ 500ರಿಂದ 1000 ಪಣ. ಇಲ್ಲಿ ‘ಉತ್ತಮ’ ಎಂದರೆ ಒಳ್ಳೆಯದು ಎಂದಲ್ಲ, ಎಲ್ಲಕ್ಕಿಂತ ದೊಡ್ಡದು ಎಂದು.

ಇಂಥ ಪದ ಅರಸರ ಬಿರುದಾಗಿ ಏರಿದ್ದು ಭಾಷೆಯ ಸ್ವಾರಸ್ಯ. ಶತ್ರುವಿನ ಮೇಲೆ ಎರಗುವ ಬಲವೇ ರಣರಂಗದಲ್ಲಿ ಹೆಗ್ಗಳಿಕೆಯಾಯಿತು. ಮಾಳವದ ಪರಮಾರ ದೊರೆ ಸಿಂಧುರಾಜ ‘ನವಸಾಹಸಾಂಕ’ ಎನ್ನಿಸಿಕೊಂಡ. ಕನ್ನಡದ ಮಹಾಕವಿ ರನ್ನ, ಚಾಲುಕ್ಯರ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಬರೆದ ‘ಗದಾಯುದ್ಧ’ಕ್ಕೆ ‘ಸಾಹಸಭೀಮ ವಿಜಯ’ ಎಂಬ ಇನ್ನೊಂದು ಹೆಸರಿದೆ. ಸಾವಿರ ವರ್ಷಗಳ ಬಳಿಕ, 1982ರಲ್ಲಿ, ವಿಷ್ಣುವರ್ಧನ್ ಅಭಿನಯದ ‘ಸಾಹಸ ಸಿಂಹ’ ತೆರೆಕಂಡಿತು. ಆ ಚಿತ್ರದ ಹೆಸರು ನಾಯಕನಟನ ಬಿರುದಾಗಿಯೇ ಉಳಿಯಿತು.

ಹಾಗೆಂದು ಹಳೆಯ ಅರ್ಥ ಪೂರ್ತಿ ಅಳಿಸಿಹೋಗಿಲ್ಲ. ‘ಈ ಮಳೆಯಲ್ಲಿ ಹೊಳೆ ದಾಟುವ ಸಾಹಸ ಬೇಡಪ್ಪ’ ಎಂದು ತಾಯಿ ಹೇಳುವಾಗ ಆ ಮಾತಿನಲ್ಲಿ ಹೊಗಳಿಕೆಯಿಲ್ಲ, ದುಡುಕಬೇಡ ಎಂಬ ಎಚ್ಚರಿಕೆಯಿದೆ. ಸಲ್ಲದ ಸಾಹಸಕ್ಕೆ ‘ದುಸ್ಸಾಹಸ’ ಎಂಬ ಪದವೇ ಇದೆ. ಇನ್ನು ಸಂತೆಯ ದಿನ ಬಸ್ಸಿನಲ್ಲಿ ಸೀಟು ಹಿಡಿಯಲು ಜನ ಪಡುವುದು ‘ಹರಸಾಹಸ’. ಅಲ್ಲಿ ವೀರತನಕ್ಕಿಂತ ಪಡಿಪಾಟಲೇ ಹೆಚ್ಚು.

ಬರೆಯುವಾಗ ವಿದ್ಯಾರ್ಥಿಗಳು ಧೈರ್ಯ, ಶೌರ್ಯ, ಸಾಹಸಗಳನ್ನು ಒಂದೇ ಎಂಬಂತೆ ಬಳಸುವುದುಂಟು. ಧೈರ್ಯ ಮನಸ್ಸಿನ ಗುಣ. ಏನನ್ನೂ ಮಾಡದೆ ಕುಳಿತವನಲ್ಲೂ ಅದು ಇರಬಹುದು. ಶೌರ್ಯ ಎದುರಾಳಿಯ ಮುಂದೆ ತೋರುವಂಥದು. ಸಾಹಸ ಮಾತ್ರ ಕೆಲಸದಲ್ಲೇ ಕಾಣಬೇಕು. ಅದಕ್ಕಾಗಿಯೇ ‘ಸಾಹಸ ಮಾಡಿದ’ ಎನ್ನುತ್ತೇವೆ, ‘ಧೈರ್ಯ ತಂದುಕೊಂಡ’ ಎನ್ನುತ್ತೇವೆ.

ಈ ಪದದ ಬೇರಿನಲ್ಲಿ ಇನ್ನೊಂದು ಸಂಗತಿ ಅಡಗಿದೆ. ‘ಸಹ್’ ಎಂಬ ಧಾತುವಿಗೆ ಎರಡು ಅರ್ಥ: ಎದುರಾದುದನ್ನು ಗೆಲ್ಲುವುದು ಮತ್ತು ಬಂದುದನ್ನು ತಾಳಿಕೊಳ್ಳುವುದು. ಮೊದಲ ಅರ್ಥದ ಕವಲು ಸಾಹಸ. ಎರಡನೆಯದರ ಕವಲು ಸಹನೆ, ಸಹಿಷ್ಣುತೆ. ವೀರರಸದ ಸ್ಥಾಯಿಭಾವವಾದ ‘ಉತ್ಸಾಹ’ವೂ ಇದೇ ಧಾತುವಿನಿಂದ ಬಂದದ್ದು. ಅಂದರೆ ಸಾಹಸ, ಸಹನೆ, ಉತ್ಸಾಹ ಒಂದೇ ಮನೆಯ ಮಕ್ಕಳು. (‘ಸಹಪಾಠಿ’ಯಲ್ಲಿರುವ ‘ಸಹ’ ಬೇರೆ, ಅದರ ಅರ್ಥ ‘ಜೊತೆ’.)

ರನ್ನನ ಕಥಾನಾಯಕನನ್ನೇ ನೋಡಬಹುದು. ದ್ಯೂತಸಭೆಯಲ್ಲಿ ಭೀಮ ಪ್ರತಿಜ್ಞೆ ಮಾಡಿದ್ದು ಒಂದು ದಿನ. ಅದನ್ನು ತೀರಿಸಲು ಕಾಯಬೇಕಾದದ್ದು 13 ವರ್ಷ. ಕೊನೆಯ ಒಂದು ವರ್ಷವಂತೂ ವಿರಾಟನ ಅಡುಗೆಮನೆಯಲ್ಲಿ ಬಾಣಸಿಗನಾಗಿ ಕಳೆಯಿತು. ಆ ತಾಳ್ಮೆಯನ್ನು ತೆಗೆದುಬಿಟ್ಟರೆ ಸಾಹಸಭೀಮನಲ್ಲಿ ಉಳಿಯುವುದು ತೋಳ್ಬಲ ಮಾತ್ರ. ಕಡೆಗೆ ಗದಾಯುದ್ಧದ ನಿಯಮ ಮೀರಿ ಅವನು ದುರ್ಯೋಧನನ ತೊಡೆ ಮುರಿದಾಗ ಬಲರಾಮ ಕೆರಳಿ ನಿಂತನೆಂದು ಮಹಾಭಾರತ ಹೇಳುತ್ತದೆ. ಸಾಹಸದ ಹಳೆಯ ಕರಿನೆರಳು ಅಲ್ಲಿಯೂ ಬಿದ್ದಿದೆ.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ತೇನ್‌ಸಿಂಗ್ ನಾರ್ಗೆ. 1953ರ ಮೇ 29ರಂದು ಎಡ್ಮಂಡ್ ಹಿಲರಿಯೊಂದಿಗೆ ಎವರೆಸ್ಟ್ ಶಿಖರದ ಮೇಲೆ ನಿಂತ ಅವರ ಚಿತ್ರ ಎಲ್ಲರಿಗೂ ಗೊತ್ತು. ಅದು ಅವರ ಏಳನೆಯ ಎವರೆಸ್ಟ್ ಯಾತ್ರೆ ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. 1935ರಲ್ಲಿ ಅವರು ಮೊದಲು ಹೋದದ್ದು ಹೊರೆ ಹೊರುವ ಆಳಾಗಿ. 1952ರ ಮೇ ತಿಂಗಳಲ್ಲಿ ಸ್ವಿಸ್ ಆರೋಹಿ ರೇಮಂಡ್ ಲ್ಯಾಂಬರ್ಟ್ ಜೊತೆ ಸುಮಾರು 8,600 ಮೀಟರ್ ತಲುಪಿದರು. ಶಿಖರಕ್ಕೆ ಸುಮಾರು 250 ಮೀಟರ್ ಉಳಿದಿತ್ತು. ಇನ್ನು ಮುಂದುವರಿದರೆ ಜೀವಂತ ಮರಳುವುದಿಲ್ಲ ಎಂದು ಅರಿತು ಇಬ್ಬರೂ ಹಿಂದಿರುಗಿದರು. ಅಂದು ಹಿಂದಿರುಗಿದ್ದರಿಂದಲೇ ಮರುವರ್ಷ ತೇನ್‌ಸಿಂಗ್ ಶಿಖರ ಮುಟ್ಟಿದರು. ಇಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಹಸ ಪ್ರಶಸ್ತಿ ಇರುವುದು ಅವರ ಹೆಸರಿನಲ್ಲಿಯೇ.

ಹೆದ್ದಾರಿಯಲ್ಲಿ ಬೈಕಿನ ಮುಂಚಕ್ರ ಎತ್ತಿ ವ್ಹೀಲಿ ಮಾಡುವುದು, ಜಲಪಾತದ ಜಾರುಬಂಡೆಯ ತುದಿಯಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಇವೂ ಹುಡುಗರ ಬಾಯಲ್ಲಿ ಸಾಹಸವೇ. ಅದರಲ್ಲಿ ಉತ್ಸಾಹವೇನೋ ಇದೆ, ತಯಾರಿಯಾಗಲೀ ತಾಳ್ಮೆಯಾಗಲೀ ಇಲ್ಲ. ದಾರಿಹೋಕರ ಜೀವಕ್ಕೂ ಕುತ್ತು ತರುವ ವ್ಹೀಲಿಯಂತೂ ಕೌಟಿಲ್ಯನ ಅರ್ಥದ ಸಾಹಸಕ್ಕೇ ಹತ್ತಿರ; ಅದಕ್ಕೆ ದಂಡ ಇಂದಿಗೂ ತಪ್ಪಿದ್ದಲ್ಲ. ಹಾಗೆಂದು ಮಕ್ಕಳನ್ನು ಮನೆಯೊಳಗೇ ಕಟ್ಟಿಹಾಕುವುದು ಪರಿಹಾರವಲ್ಲ. ಈಜು, ಚಾರಣ, ಬಂಡೆ ಏರುವುದು ಇವನ್ನೆಲ್ಲ ಬಲ್ಲವರ ಕೈಕೆಳಗೆ ಕ್ರಮವಾಗಿ ಕಲಿಯುವ ಅವಕಾಶವನ್ನು ತಂದೆತಾಯಿಗಳು ಒದಗಿಸಿದರೆ ಉತ್ಸಾಹಕ್ಕೂ ದಾರಿ ಸಿಗುತ್ತದೆ. ಎಲ್ಲಿ ಮುಂದಡಿ ಇಡಬೇಕು, ಎಲ್ಲಿ ಹಿಂದಿರುಗಬೇಕು ಎಂಬುದನ್ನು ಕಲಿತ ಮಗುವನ್ನು ‘ಸಾಹಸಿ’ ಎಂದು ಕರೆಯಲು ಯಾರೂ ಅಳುಕಬೇಕಾಗಿಲ್ಲ.