30 ಕಿಲೋದಲ್ಲಿ ಹಿಡಿಸದ ಕಾಗದಗಳು

ಕಳೆದ ವರ್ಷ ನಮ್ಮ ಸಂಘದ ಹಿರಿಯರೊಬ್ಬರು ವೀಸಾ ರದ್ದು ಮಾಡಿಸಿ ಊರಿಗೆ ಹೊರಟರು. 32 ವರ್ಷ ದುಬೈಯಲ್ಲಿ ದುಡಿದವರು. ವಿಮಾನದಲ್ಲಿ ಒಯ್ಯಲು ಬಿಡುವುದು 30 ಕಿಲೋ. ಮೊಮ್ಮಕ್ಕಳ ಬಟ್ಟೆ, ಖರ್ಜೂರ, ಹಾಲಿನ ಪುಡಿಯ ಡಬ್ಬಿ ಎಲ್ಲ ತುಂಬಿದ ಮೇಲೆ ಒಂದು ಚೀಲ ಕಾಗದ ಹೊರಗೇ ಉಳಿಯಿತು. ಊರಿನಿಂದ ಬಂದ ಪತ್ರಗಳು, ನಾಟಕದ ಕರಪತ್ರಗಳು, ಸಂಘದ ಹಳೆಯ ಸ್ಮರಣ ಸಂಚಿಕೆಗಳು. "ನೀವೇ ಇಟ್ಟುಕೊಳ್ಳಿ ಮಾರಾಯ್ರೆ" ಎಂದರು. ಇಟ್ಟುಕೊಂಡೆವು. ಆಮೇಲೆ ಏನು ಮಾಡುವುದೆಂದು ಮಾತ್ರ ತಿಳಿಯಲಿಲ್ಲ.

ಇಂಥದೇ ಪ್ರಶ್ನೆಗೆ ಉತ್ತರ ಹುಡುಕುವವರು ನಮ್ಮಿಂದ ಒಂದೂವರೆ ಗಂಟೆಯ ಬಸ್ ದಾರಿಯಲ್ಲೇ ಇದ್ದಾರೆ. ಅಬುಧಾಬಿಯ ನ್ಯೂಯಾರ್ಕ್ ವಿಶ್ವವಿದ್ಯಾಲಯ 2010ರಲ್ಲಿ ತರಗತಿ ಆರಂಭಿಸಿ, 2014ರಲ್ಲಿ ಸಾದಿಯಾತ್ ದ್ವೀಪದ ಕ್ಯಾಂಪಸ್ಸಿಗೆ ಬಂತು. ವಿಜ್ಞಾನದ ವಿದ್ಯಾರ್ಥಿಯೂ ಇತಿಹಾಸ ಓದಬೇಕು, ಸಾಹಿತ್ಯದವನೂ ಲೆಕ್ಕ ಅರಿಯಬೇಕು ಎನ್ನುವ ಲಿಬರಲ್ ಆರ್ಟ್ಸ್ ಪದ್ಧತಿ ಅಲ್ಲಿಯದು. ಇದರ ನೆರವಿನಿಂದ ನಡೆಯುವ 'ಅರೇಬಿಕ್ ಕಲೆಕ್ಷನ್ಸ್ ಆನ್‌ಲೈನ್' ಯೋಜನೆಯಲ್ಲಿ ಪ್ರಿನ್ಸ್‌ಟನ್, ಕಾರ್ನೆಲ್, ಕೊಲಂಬಿಯಾ, ಬೈರೂತ್ ಮತ್ತು ಕೈರೋದ ಅಮೆರಿಕನ್ ವಿಶ್ವವಿದ್ಯಾಲಯಗಳು, ಯುಎಇಯ ರಾಷ್ಟ್ರೀಯ ದಾಖಲೆ ಸಂಗ್ರಹಾಲಯ ಕೈಜೋಡಿಸಿವೆ. 15,000ಕ್ಕೂ ಹೆಚ್ಚು ಹಳೆಯ ಅರಬಿ ಪುಸ್ತಕಗಳನ್ನು ಪುಟಪುಟವೂ ಚಿತ್ರ ತೆಗೆದು, ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ ಇಟ್ಟಿದ್ದಾರೆ. ಒಂದೇ ಗ್ರಂಥಾಲಯದಿಂದ ಇದು ಆಗುತ್ತಿರಲಿಲ್ಲ. ಒಬ್ಬರ ಕಪಾಟಿನಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇರುತ್ತದೆ, ಅಷ್ಟೆ.

ಪುಸ್ತಕಗಳ ಜೊತೆಗೆ ಜನರನ್ನೂ ಒಟ್ಟುಗೂಡಿಸಿದ್ದು ನಮಗೆ ಹೆಚ್ಚು ಹಿಡಿಸಿತು. 2020ರ ಜನವರಿಯಲ್ಲಿ ಅಲ್ಲಿ ಡಿಜಿಟಲ್ ಮಾನವಿಕಗಳ ಚಳಿಗಾಲದ ಶಿಬಿರ ನಡೆಯಿತು. ಅಧ್ಯಾಪಕರು, ಗ್ರಂಥಪಾಲಕರು, ವಿದ್ಯಾರ್ಥಿಗಳು ಒಂದೇ ಮೇಜಿನಲ್ಲಿ ಕುಳಿತು ಕಲಿಯುವ ಏರ್ಪಾಡು. ಇದರ ಅಗತ್ಯವೇನು ಎಂದರೆ, ಕಂಪ್ಯೂಟರಿನ ಉಪಕರಣಗಳೆಲ್ಲ ಇಂಗ್ಲಿಷಿಗೆಂದೇ ಹುಟ್ಟಿದವು. ಅರಬಿ ಬಲದಿಂದ ಎಡಕ್ಕೆ ಹರಿಯುತ್ತದೆ, ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಯಂತ್ರ ತಬ್ಬಿಬ್ಬಾಗುತ್ತದೆ. ನಮ್ಮ ಒತ್ತಕ್ಷರಗಳ ಮುಂದೆಯೂ ಅದರ ಪಾಡು ಅದೇ. ಇನ್ನೊಂದು ಕೆಲಸವೂ ಅಲ್ಲಿದೆ: 'ಅಕ್ಕಾಸ' ಎಂಬ ಛಾಯಾಚಿತ್ರ ಸಂಗ್ರಹ. ಮನೆಗಳ ಆಲ್ಬಮ್ಮಿನ ಹಳೆಯ ಫೋಟೋಗಳನ್ನೂ ಇತಿಹಾಸವೆಂದೇ ಎಣಿಸಿ ಜೋಪಾನ ಮಾಡುತ್ತಾರೆ. ನಮ್ಮ ಚೀಲಕ್ಕೆ ಮರ್ಯಾದೆ ಬಂದದ್ದು ಇದನ್ನು ತಿಳಿದ ಮೇಲೆ.

ಕನ್ನಡದಲ್ಲಿ ಏನೂ ಆಗಿಲ್ಲ ಎಂದು ಗೊಣಗುವುದು ಸರಿಯಲ್ಲ. ಸಂಚಯ ಬಳಗದ 'ವಚನ ಸಂಚಯ'ದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಸಾಕು, ಯಾವ ವಚನಕಾರರು ಎಲ್ಲೆಲ್ಲಿ ಬಳಸಿದ್ದಾರೆಂದು ಕ್ಷಣದಲ್ಲಿ ತೋರಿಸುತ್ತದೆ. ಕಯ್ಯೂರಿನ ರೈತರ ಕಥೆ 'ಚಿರಸ್ಮರಣೆ' ಬರೆದ ನಿರಂಜನರ ಕೃತಿಗಳನ್ನು ಅವರ ಮನೆಯವರು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟರು. ವಿಕಿಸೋರ್ಸ್‌ಗಾಗಿ ಅವನ್ನು ಟೈಪು ಮಾಡಿ, ತಪ್ಪು ತಿದ್ದಲು ಆಸಕ್ತರು ಮುಂದಾದರು. ಬೆಂಗಳೂರಿನ ಕ್ರೈಸ್ಟ್, ಮೂಡುಬಿದಿರೆಯ ಆಳ್ವಾಸ್‌ನಂಥ ಕಡೆ ವಿದ್ಯಾರ್ಥಿಗಳೂ ವಿಕಿಪೀಡಿಯಕ್ಕೆ ಬರೆದಿದ್ದಾರೆ. ಆದರೆ ನಮ್ಮ ಮಾತು ಇಷ್ಟು: ಇದರಲ್ಲಿ ಬಹುಪಾಲು ನಡೆದದ್ದು ಕೆಲಸ ಮುಗಿಸಿ ಬಂದು ರಾತ್ರಿ ಕುಳಿತ ನಾಲ್ಕಾರು ಸ್ವಯಂಸೇವಕರಿಂದ. ಅವರಿಗೆ ದಣಿವಾದರೆ ಮುಂದೆ ಯಾರು? ವಿಶ್ವವಿದ್ಯಾಲಯಗಳು ಒಂದಕ್ಕೊಂದು ಕೈಕೊಟ್ಟು ನಿಂತರೆ ಆ ಹೆದರಿಕೆ ಕಡಿಮೆ.

ಚೀಲದ ಕಥೆಗೆ ಬರೋಣ. ಅದರಲ್ಲಿ ಒಂದು ಸಿ.ಡಿ.ಯೂ ಇತ್ತು, ಹಳೆಯ ಸಂಚಿಕೆಯದು. ಹಾಕಿ ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆ. ಆಗ ಯೂನಿಕೋಡ್ ಬಳಕೆಗೆ ಬಂದಿರಲಿಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ಬರಹವೇ ಮಾಯ. ಪರಿವರ್ತಕದಲ್ಲಿ ಹಾಕಿ, ಸತ್ವ ಎಂಬುದು ಸತ್ತ ಎಂದಾದಂಥ ತಪ್ಪುಗಳನ್ನು ತಿದ್ದುತ್ತ ಮೂರು ಭಾನುವಾರ ಕಳೆದವು. ಕರಪತ್ರಗಳನ್ನು ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದೆವು. ಕ್ಯಾಂಪಿನಲ್ಲಿ ಎಂಟು ಜನರ ಕೋಣೆ, ಮಂಚದ ಮೇಲೆ ಕಾಗದ ಹರಡಿ ಕೆಲಸ. ಪ್ರತಿಯೊಂದಕ್ಕೂ ವರ್ಷ, ಜಾಗ, ಯಾರ ಬಳಿ ಇತ್ತು ಎಂಬುದನ್ನು ಬರೆದೆವು. ನಾಟಕದ ಪಟ್ಟಿಯಲ್ಲಿ ಹೆಣ್ಣು ಪಾತ್ರ ಮಾಡಿದ ಡ್ರೈವರೊಬ್ಬರ ಹೆಸರು ಸಿಕ್ಕಿತು. ಅವರು ತೀರಿಕೊಂಡು ಹತ್ತು ವರ್ಷವಾಯಿತು. ಅವರ ಮಗನಿಗೆ ಚಿತ್ರ ಕಳುಹಿಸಿದೆವು. ಅಪ್ಪ ನಾಟಕದಲ್ಲಿದ್ದದ್ದೇ ಆತನಿಗೆ ಗೊತ್ತಿರಲಿಲ್ಲ.

ಪತ್ರಗಳ ವಿಷಯ ಕೇಳಲು ಊರಿಗೆ ಫೋನ್ ಮಾಡಿದೆವು. ಹಿರಿಯರು, "ಬರೆದವಳನ್ನೇ ಕೇಳಿ" ಎಂದು ಫೋನನ್ನು ಹೆಂಡತಿಗೆ ಕೊಟ್ಟರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾಟಕದ್ದೆಲ್ಲ ಹಾಕಿ. ಸಾಲದ ಲೆಕ್ಕ, ಮಗು ನಡೆದದ್ದು, ಅತ್ತೆ ಸತ್ತದ್ದು, ಇವು ಅವರಿಗೆ ಬರೆದದ್ದು, ಊರಿಗಲ್ಲ. ವಾಪಸು ಕಳುಹಿಸಿ."

ಅವನ್ನು ಬೇರೆ ಕವರಿಗೆ ಹಾಕಿ ಅಂಟಿಸಿದ್ದೇವೆ. ಮುಂದಿನ ತಿಂಗಳು ರಜೆಯ ಮೇಲೆ ಮಂಗಳೂರಿಗೆ ಹೋಗುವ ಗೆಳೆಯರೊಬ್ಬರು ಅದಕ್ಕಾಗಿ ತಮ್ಮ 30 ಕಿಲೋದಲ್ಲಿ ಜಾಗ ಬಿಟ್ಟಿದ್ದಾರೆ.