ಅಂಕ ಕಡಿಮೆ ಬಂದವರು ಅರ್ಜಿ ಹಾಕಬಾರದೇ?

ಕಂಪ್ಯೂಟರ್ ಕಂಪನಿಗಳ ಇಂಟರ್ನ್‌ಶಿಪ್ ಬಗ್ಗೆ ಯುವಜನರಿಗೂ ಹೆತ್ತವರಿಗೂ ಕೆಲವು ಮಾತು



ಕಳೆದ ವರ್ಷ ನಮ್ಮ ಸ್ವಸಹಾಯ ಸಂಘವೊಂದರ ತಿಂಗಳ ಸಭೆಯಲ್ಲಿ ಒಬ್ಬ ತಾಯಿ 12,000 ರೂಪಾಯಿ ಸಾಲ ಕೇಳಿದರು. ಸಂಘದಲ್ಲಿ ಸಾಲ ಕೇಳುವಾಗ ಕಾರಣ ಹೇಳಬೇಕು ಎನ್ನುವುದು ನಿಯಮ. "ಯಾತಕ್ಕಮ್ಮಾ?" ಎಂದು ಕೇಳಿದೆವು.

"ಮಗಳಿಗೆ ಇಂಟರ್ನ್‌ಶಿಪ್ ಸಿಕ್ಕಿದೆ ಸಿಸ್ಟರ್. ಶುಕ್ರವಾರದೊಳಗೆ ದುಡ್ಡು ಕಟ್ಟಬೇಕಂತೆ. ಅವಳಿಗೆ ಮಾರ್ಕ್ಸ್ ಕಮ್ಮಿ. ಬೇರೆ ಯಾರೂ ತಗೊಳ್ಳಲ್ಲ ಅಂತಾಳೆ."

ಮಗಳನ್ನು ಕಚೇರಿಗೆ ಬರಹೇಳಿದೆವು. ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗಿ. ಸಿಜಿಪಿಎ 5.9. ಮೊದಲ ವರ್ಷ ಎರಡು ವಿಷಯದಲ್ಲಿ ಫೇಲಾಗಿ, ಒಂದನ್ನು ಪಾಸು ಮಾಡಿಕೊಂಡಿದ್ದಳು, ಇನ್ನೊಂದು ಉಳಿದಿತ್ತು. ಎಷ್ಟು ಕಡೆ ಅರ್ಜಿ ಹಾಕಿದ್ದೀಯಾ ಎಂದರೆ, "ಒಂದೂ ಇಲ್ಲ ಸಿಸ್ಟರ್, ನನ್ನ ಮಾರ್ಕ್ಸ್ ಕಾರ್ಡ್ ನೋಡಿದ್ರೆ ನಗ್ತಾರೆ" ಎಂದಳು.

ಆ ಮಾತು ನಮಗೂ ಚುಚ್ಚಿತು. ಯಾಕೆಂದರೆ ಅದರ ಹಿಂದಿನ ವರ್ಷ ಇದೇ ಹುಡುಗಿ ಸಲಹೆ ಕೇಳಲು ಬಂದಾಗ "ಮೊದಲು ಮಾರ್ಕ್ಸ್ ಸರಿ ಮಾಡ್ಕೋ, ಆಮೇಲೆ ನೋಡೋಣ" ಎಂದು ಕಳಿಸಿದವರು ನಾವೇ. ಆ ಮಾತು ಅರ್ಧ ಸರಿ, ಅರ್ಧ ತಪ್ಪು. ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಎಂಬುದನ್ನು ಆಮೇಲೆ ಅವಳ ಜೊತೆ ಕೂತು ನಾವೂ ಕಲಿತೆವು. ನಮ್ಮ ಧರ್ಮಕೇಂದ್ರಗಳಲ್ಲಿ ಇಂಥ ಮಕ್ಕಳು ಬಹಳ ಮಂದಿ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಅಂಕ ಯಾಕೆ ಕೇಳುತ್ತಾರೆ?

ಇಂಟರ್ನ್‌ಶಿಪ್ ಎಂದರೆ ಓದುವಾಗಲೇ ಕೆಲವು ವಾರ ಅಥವಾ ಕೆಲವು ತಿಂಗಳು ಕಂಪನಿಯಲ್ಲಿ ಕೆಲಸ ಕಲಿಯುವುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ ಈಚಿನ ಪಠ್ಯಕ್ರಮಗಳಲ್ಲಿ ಇದು ಕಡ್ಡಾಯ. ಒಳ್ಳೆಯ ಕಂಪನಿಯಲ್ಲಿ ಸಿಕ್ಕಿದರೆ ತಿಂಗಳಿಗೆ ಗೌರವಧನವೂ ಉಂಟು, ಮುಂದೆ ಅಲ್ಲೇ ನೌಕರಿಯೂ ಆಗಬಹುದು. ಆದ್ದರಿಂದ ನಾಲ್ಕೈದು ಜಾಗಕ್ಕೆ ಸಾವಿರಾರು ಅರ್ಜಿ ಬೀಳುತ್ತವೆ. ಅಷ್ಟನ್ನೂ ಕೂತು ಓದುವವರು ಯಾರು? ಹಾಗಾಗಿ ಕಂಪನಿಯವರು ಮೊದಲು ಒಂದು ಜರಡಿ ಹಿಡಿಯುತ್ತಾರೆ. ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇಕಡ 60, ಬಾಕಿ ವಿಷಯ ಇರಬಾರದು. ಇದು ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕೇಳುವ ಜರಡಿ.

ಇದರಲ್ಲಿ ಎರಡು ಸಂಗತಿ ತಿಳಿದಿರಬೇಕು. ಒಂದು, ಜರಡಿ ಹಿಡಿದವರು ನಿಮ್ಮ ಮಗುವನ್ನು ದಡ್ಡ ಎಂದು ತೀರ್ಮಾನ ಮಾಡಿಲ್ಲ, ಅವರು ರಾಶಿ ಕಡಿಮೆ ಮಾಡುತ್ತಿದ್ದಾರೆ ಅಷ್ಟೇ. ಎರಡು, ಎಲ್ಲರ ಕೈಯಲ್ಲೂ ಅದೇ ಜರಡಿ ಇಲ್ಲ.

ಮೂರು ಬಗೆಯ ಬಾಗಿಲು

1. ಅಂಕ ನೋಡಿಯೇ ಒಳಗೆ ಬಿಡುವ ಬಾಗಿಲು. ಕಾಲೇಜಿನ ಪ್ಲೇಸ್‌ಮೆಂಟ್ ಮೂಲಕ ಬರುವ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಹೀಗೆ. ಶೇಕಡ 60 ಎಂದು ಬರೆದಿದ್ದರೆ 58ಕ್ಕೆ ಕಂಪ್ಯೂಟರೇ ಅರ್ಜಿಯನ್ನು ಬದಿಗೆ ತಳ್ಳುತ್ತದೆ. ಇಲ್ಲಿ ಬೇಡಿಕೊಂಡು ಪ್ರಯೋಜನವಿಲ್ಲ, ಸುಳ್ಳು ಹೇಳುವುದಂತೂ ಬೇಡವೇ ಬೇಡ. ಸೇರಿದ ಮೇಲೂ ದಾಖಲೆ ಪರಿಶೀಲನೆ ಇರುತ್ತದೆ. ಸುಳ್ಳು ಅಂಕ ಸಿಕ್ಕಿಬಿದ್ದರೆ ಸಿಕ್ಕಿದ ಅವಕಾಶವೂ ಹೋಯಿತು, ಹೆಸರೂ ಹೋಯಿತು.

2. ಅಂಕ ಕೇಳಿದರೂ ಅದೇ ಕೊನೆಯ ಮಾತಾಗದ ಬಾಗಿಲು. ಹತ್ತಿಪ್ಪತ್ತು ಜನರಿರುವ ಸಣ್ಣ ಕಂಪನಿಗಳು ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲೂ ಇವೆ. ಇಲ್ಲಿ ಅರ್ಜಿಯನ್ನು ಮನುಷ್ಯರೇ ಓದುವುದು ಹೆಚ್ಚು. "ಈ ಹುಡುಗಿಗೆ ಕೆಲಸ ಬರುತ್ತಾ?" ಎನ್ನುವುದೇ ಅವರ ಪ್ರಶ್ನೆ. ಪರಿಚಯದವರು ಒಂದು ಮಾತು ಹೇಳಿದರೆ ಓದುವ ಸಂಭವ ಇನ್ನೂ ಹೆಚ್ಚು. ನಮ್ಮ ಧರ್ಮಕೇಂದ್ರದಿಂದ ಹೋಗಿ ಇಂಥ ಕಡೆ ದುಡಿಯುವ ಅಣ್ಣ ಅಕ್ಕಂದಿರು ಇದ್ದಾರಲ್ಲ, ಅವರನ್ನು ಕೇಳಲು ನಾಚಿಕೆ ಯಾಕೆ?

3. ಅಂಕವನ್ನು ಮುಂದಿಡದ ಬಾಗಿಲು. ಇದು ನಮಗೆ ಗೊತ್ತೇ ಇರಲಿಲ್ಲ. ಗೂಗಲ್ ಕಂಪನಿ 2005ರಿಂದ 'ಗೂಗಲ್ ಸಮ್ಮರ್ ಆಫ್ ಕೋಡ್' ನಡೆಸುತ್ತಿದೆ. ಎಲ್ಲರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶಗಳನ್ನು ಬೆಳೆಸುವ ಸಂಸ್ಥೆಗಳಿಗೆ ಮನೆಯಿಂದಲೇ ಕೆಲಸ ಮಾಡಿಕೊಡಬೇಕು. 18 ವರ್ಷ ತುಂಬಿರಬೇಕು. 2022ರಿಂದ ವಿದ್ಯಾರ್ಥಿಯೇ ಆಗಿರಬೇಕೆಂಬ ಕಟ್ಟೂ ಇಲ್ಲ. ಏನು ಮಾಡುತ್ತೇನೆ, ಎಷ್ಟು ವಾರದಲ್ಲಿ ಮಾಡುತ್ತೇನೆ ಎಂಬ ಯೋಜನೆಯನ್ನು ಬರೆದು ಕೊಡಬೇಕು. ಆಯ್ಕೆ ಆ ಬರಹದ ಮೇಲೆ, ಅದಕ್ಕೂ ಮೊದಲು ಮಾಡಿ ತೋರಿಸಿದ ಸಣ್ಣ ಕೆಲಸದ ಮೇಲೆ ಆಗುತ್ತದೆ.

'ಔಟ್‌ರೀಚಿ' ಎಂಬ ಇನ್ನೊಂದು ಕಾರ್ಯಕ್ರಮ ಇದೆ. 2010ರಲ್ಲಿ ಹೆಣ್ಣುಮಕ್ಕಳಿಗಾಗಿ ಶುರುವಾಗಿ, ಆಮೇಲೆ ತಮ್ಮ ದೇಶದ ತಂತ್ರಜ್ಞಾನ ಕ್ಷೇತ್ರದಲ್ಲಿ ಅವಕಾಶ ಸಿಗದೆ ಹಿಂದುಳಿದವರಿಗೆಲ್ಲ ತೆರೆದುಕೊಂಡಿತು. ಮೂರು ತಿಂಗಳ ಕೆಲಸ, ಮನೆಯಿಂದಲೇ. ಈಚಿನ ವರ್ಷಗಳಲ್ಲಿ ಗೌರವಧನ 7,000 ಅಮೆರಿಕನ್ ಡಾಲರ್. ಅರ್ಜಿಯಲ್ಲಿ ನೀವು ಎದುರಿಸಿದ ಅಡೆತಡೆಗಳ ಬಗ್ಗೆ ಪ್ರಶ್ನೆಗಳಿರುತ್ತವೆ. ಆ ಹಂತ ದಾಟಿದವರಿಗೆ ಕೆಲವು ವಾರ ಸಣ್ಣ ಸಣ್ಣ ಕೆಲಸ ಕೊಟ್ಟು ನೋಡಿ ಆಯ್ಕೆ ಮಾಡುತ್ತಾರೆ. ಕಾಲೇಜಿನ ವೇಳಾಪಟ್ಟಿಯ ನಡುವೆ ಬಿಡುವು ಎಷ್ಟಿದೆ ಎಂದೂ ಕೇಳುತ್ತಾರೆ. ಇವೆರಡರಲ್ಲೂ ಪೈಪೋಟಿ ಜಾಸ್ತಿ. ಆದರೆ ಅಲ್ಲಿ ಸೋಲುವುದಾದರೆ ಮಾರ್ಕ್ಸ್ ಕಾರ್ಡಿನಿಂದ ಸೋಲುವುದಿಲ್ಲ.

ಸರಕಾರದ ದಾರಿಯೂ ಇದೆ. 1961ರ ಅಪ್ರೆಂಟಿಸ್ ಕಾಯಿದೆಯ ಅಡಿಯಲ್ಲಿ ಪದವಿ ಮತ್ತು ಡಿಪ್ಲೊಮಾ ಆದವರಿಗೆ ಗೌರವಧನ ಸಹಿತ ತರಬೇತಿ ಸಿಗುತ್ತದೆ. 2024ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ, ಡಿಪ್ಲೊಮಾ, ಬಿಎಸ್ಸಿ, ಬಿಸಿಎ ಮುಂತಾದವು ಆದವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಒಂದು ವರ್ಷದ ಅವಕಾಶ ಇಟ್ಟರು. ವಯಸ್ಸು, ಕುಟುಂಬದ ಆದಾಯದ ನಿಯಮಗಳಿವೆ, ಅರ್ಜಿ ಹಾಕುವ ಮೊದಲು ನೋಡಿಕೊಳ್ಳಿ.

ಅಂಕದ ಜಾಗದಲ್ಲಿ ಏನು ಇಡಬೇಕು?

ಅಂಕ ಕಡಿಮೆ ಇದ್ದವರು ಬರಿಗೈಯಲ್ಲಿ ಹೋಗಬಾರದು. "ನನಗೆ ಜಾವಾ ಬರುತ್ತದೆ, ಪೈಥಾನ್ ಬರುತ್ತದೆ" ಎಂದು ಬರೆದರೆ ಯಾರೂ ನಂಬುವುದಿಲ್ಲ. ಮಾಡಿದ ಒಂದು ಕೆಲಸ ತೋರಿಸಬೇಕು. ಅದು ದೊಡ್ಡದಾಗಿರಬೇಕಿಲ್ಲ, ಯಾರಿಗಾದರೂ ನಿಜವಾಗಿ ಉಪಯೋಗ ಆಗಿರಬೇಕು.

ನಮ್ಮ ಹುಡುಗಿಗೆ ಏನು ಮಾಡುವುದೆಂದು ತೋಚಲಿಲ್ಲ. ಕೊನೆಗೆ ಅವಳ ತಾಯಿಯ ಸಂಘದ ಲೆಕ್ಕದ ಪುಸ್ತಕವನ್ನೇ ಕೈಗೆ ಕೊಟ್ಟೆವು. ಸಂಘದ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ಉಳಿದ ಅಸಲಿನ ಮೇಲೆ ಮಾತ್ರ. 10,000 ರೂಪಾಯಿ ಸಾಲವನ್ನು ತಿಂಗಳಿಗೆ 1,000ದಂತೆ ಹತ್ತು ಕಂತಿನಲ್ಲಿ ತೀರಿಸಿದರೆ ಬಡ್ಡಿ ಮೊದಲ ತಿಂಗಳು 100, ಆಮೇಲೆ 90, 80 ಹೀಗೆ ಇಳಿದು ಒಟ್ಟು 550 ಆಗುತ್ತದೆ. ಅಸಲು ಇಳಿದದ್ದನ್ನು ಲೆಕ್ಕಕ್ಕೆ ಹಿಡಿಯದೆ ಬರೆದರೆ 1,000 ಆಗಿಬಿಡುತ್ತದೆ. ಇಂಥ ತಪ್ಪು ಪುಸ್ತಕದಲ್ಲಿ ಆಗಾಗ ಆಗುತ್ತಿತ್ತು. ಅವಳು ಇದಕ್ಕೊಂದು ಪ್ರೋಗ್ರಾಂ ಬರೆದಳು. ಮೊದಲ ಸಲ ಸಂಘದಲ್ಲಿ ಇಟ್ಟಾಗ ಅದು ಕೆಟ್ಟು ನಿಂತಿತು, ಯಾಕೆಂದರೆ ಒಬ್ಬರು ಅರ್ಧ ಕಂತು ಕಟ್ಟಿದ್ದರು, ಹೀಗೂ ಆಗುತ್ತದೆಂದು ಅವಳು ಎಣಿಸಿರಲಿಲ್ಲ. ಎರಡು ವಾರದಲ್ಲಿ ಸರಿ ಮಾಡಿದಳು. ಸದಸ್ಯರ ಹೆಸರು ತೆಗೆದು, ಬರೆದ ಪ್ರೋಗ್ರಾಮನ್ನು ಎಲ್ಲರೂ ನೋಡುವಂತೆ ಗಿಟ್‌ಹಬ್‌ನಲ್ಲಿ ಹಾಕಿದಳು. ಮುಂದೆ ಸಂದರ್ಶನದಲ್ಲಿ ಅವರು ಬಹಳ ಹೊತ್ತು ಕೇಳಿದ್ದು ಆ ಅರ್ಧ ಕಂತಿನ ವಿಷಯವನ್ನೇ.

ಕಲಿಯಲು ದುಡ್ಡು ಇಲ್ಲ ಎನ್ನುವವರು ಎನ್‌ಪಿಟಿಇಎಲ್, ಸ್ವಯಂ, ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್, ಫ್ರೀಕೋಡ್‌ಕ್ಯಾಂಪ್ ನೋಡಬಹುದು. ಪಾಠ ಉಚಿತ. ಎನ್‌ಪಿಟಿಇಎಲ್‌ನಲ್ಲಿ ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ ಇದೆ.

ಅರ್ಜಿಯಲ್ಲಿ ಅಂಕದ ಬಗ್ಗೆ ಹೇಗೆ ಬರೆಯುವುದು?

* ಕೇಳಿದ್ದರೆ ಇದ್ದದ್ದು ಇದ್ದ ಹಾಗೆ ಬರೆಯಿರಿ. ಕೇಳದಿದ್ದರೆ ಬರೆಯಲೇಬೇಕೆಂದಿಲ್ಲ.
* ಸಿಜಿಪಿಎಯನ್ನು ಶೇಕಡಕ್ಕೆ ಬದಲಿಸುವಾಗ ನಿಮ್ಮ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸಿ, ಊಹೆ ಬೇಡ.
* ಒಟ್ಟು ಅಂಕ ಕಡಿಮೆ ಇದ್ದರೂ ಕೆಲಸಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಚೆನ್ನಾಗಿದ್ದರೆ ಅದನ್ನು ಬೇರೆಯಾಗಿ ತೋರಿಸಿ. ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಏರಿದ್ದರೆ ಅದನ್ನೂ ಹೇಳಿ.
* ಕಾರಣ ಎರಡೇ ವಾಕ್ಯದಲ್ಲಿ ಮುಗಿಯಲಿ. ಅಳಬೇಡಿ, ಉಪನ್ಯಾಸಕರನ್ನು ದೂರಬೇಡಿ.

ಅವಳು ಬರೆದದ್ದು ಹೀಗಿತ್ತು: "ಕನ್ನಡ ಮಾಧ್ಯಮದಿಂದ ಬಂದ ನನಗೆ ಮೊದಲ ವರ್ಷ ಇಂಗ್ಲಿಷಿನ ಪಾಠ ಹಿಡಿಯಲಿಲ್ಲ, ಎರಡು ವಿಷಯದಲ್ಲಿ ಫೇಲಾದೆ. ಈಗ ಒಂದು ಪಾಸಾಗಿದೆ, ಇನ್ನೊಂದಕ್ಕೆ ಈ ಬಾರಿ ಕೂರುತ್ತಿದ್ದೇನೆ. ಈ ನಡುವೆ ನಮ್ಮೂರ ಸ್ವಸಹಾಯ ಸಂಘಕ್ಕೆ ಮಾಡಿಕೊಟ್ಟ ಲೆಕ್ಕದ ಪ್ರೋಗ್ರಾಂ ಇಲ್ಲಿದೆ." ಇದನ್ನು ಇಂಗ್ಲಿಷಿನಲ್ಲಿ ತಿದ್ದಿ ಕೊಡಲು ನಾವು ಸಹಾಯ ಮಾಡಿದೆವು, ಮಾತು ಅವಳದೇ.

ಸಂದರ್ಶನದಲ್ಲಿ ಬಾರದ ಪ್ರಶ್ನೆ ಬಂದರೆ "ಇದು ಗೊತ್ತಿಲ್ಲ, ಆದರೆ ಹೀಗೆ ಹುಡುಕಿ ನೋಡುತ್ತೇನೆ" ಎಂದರೆ ತಪ್ಪಿಲ್ಲ. ಆದರೆ ತಾನು ಬರೆದ ಪ್ರೋಗ್ರಾಮಿನ ಒಂದೊಂದು ಸಾಲೂ ಗೊತ್ತಿರಬೇಕು. ಬೇರೆಯವರಿಂದಲೋ ಎಐ ಸಹಾಯದಿಂದಲೋ ಬರೆಸಿ ತಂದರೆ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ನಮ್ಮ ಮಾತಿನ ಸರಿಯಾದ ಅರ್ಧ

ಹಾಗಾದರೆ ಅಂಕ ಬೇಡವೇ? ಬೇಕು. ಬಾಕಿ ಉಳಿದ ವಿಷಯ ಎಷ್ಟು ಬೇಗ ಪಾಸಾದರೆ ಅಷ್ಟು ಬಾಗಿಲು ಹೆಚ್ಚಾಗುತ್ತವೆ. ಉತ್ತರ ಚೆನ್ನಾಗಿ ಬರೆದೂ ಅಂಕ ಬಂದಿಲ್ಲ ಅನ್ನಿಸಿದರೆ ಉತ್ತರ ಪತ್ರಿಕೆಯ ನಕಲು ತರಿಸಿ, ಮರುಮೌಲ್ಯಮಾಪನಕ್ಕೆ ಹಾಕುವ ಅವಕಾಶ ವಿಟಿಯುವಿನಲ್ಲಿದೆ. ದಿನಾಂಕ ದಾಟಿಸಬೇಡಿ. ನಾವು ತಪ್ಪಿದ್ದು "ಮೊದಲು, ಆಮೇಲೆ" ಎಂದದ್ದರಲ್ಲಿ. ಎರಡೂ ಜೊತೆಯಲ್ಲೇ ನಡೆಯಬೇಕು. ಅಂಕ ಸರಿಯಾಗುವವರೆಗೆ ಕಾಯುತ್ತಾ ಕೂತರೆ ಕಾಲೇಜೇ ಮುಗಿದಿರುತ್ತದೆ.

ದುಡ್ಡು ಕೇಳಿದರೆ ಎಚ್ಚರ

ಈಗ ಆ 12,000ದ ವಿಷಯ. ಕೆಲಸ ಕೊಡುವವರು ಕೆಲಸ ಮಾಡುವವರಿಂದ ದುಡ್ಡು ಕೇಳುವುದಿಲ್ಲ. ಸಂದರ್ಶನ ಮಾಡದೆ 'ಆಯ್ಕೆಯಾಗಿದ್ದೀರಿ' ಎನ್ನುವುದು, ಎರಡು ದಿನದೊಳಗೆ ಕಟ್ಟಿ ಎಂದು ಅವಸರ ಮಾಡುವುದು, ಕಂಪನಿಯ ಖಾತೆ ಬಿಟ್ಟು ಯಾರದೋ ಮೊಬೈಲ್ ನಂಬರಿಗೆ ಕಳಿಸಿ ಎನ್ನುವುದು, ಕೊನೆಗೆ ಪ್ರಮಾಣಪತ್ರ ಮಾತ್ರ ಕೊಡುವುದು ಇವೆಲ್ಲ ಮೋಸದ ಗುರುತು. ಅಂಕ ಕಡಿಮೆಯಾಗಿ ಹೆದರಿದ ಮಕ್ಕಳನ್ನೇ ಇಂಥವರು ಹುಡುಕುತ್ತಾರೆ. ಆ ಹುಡುಗಿಗೆ ಬಂದಿದ್ದ ಸಂದೇಶದಲ್ಲಿ ಈ ಗುರುತುಗಳಲ್ಲಿ ಮೂರು ಇದ್ದವು. ಸಂಘ ಸಾಲ ಕೊಡಲಿಲ್ಲ. ತಾಯಿಗೆ ಆ ದಿನ ನಮ್ಮ ಮೇಲೆ ಸಿಟ್ಟು ಬಂತು, ಎರಡು ವಾರ ಸಭೆಗೂ ಬರಲಿಲ್ಲ. ದುಡ್ಡು ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು.

ಕೊನೆಗೆ ಏನಾಯಿತು?

ಅವಳು 23 ಕಡೆ ಅರ್ಜಿ ಹಾಕಿದಳು. 17 ಕಡೆಯಿಂದ ಉತ್ತರವೇ ಇಲ್ಲ. ಐದು ಕಡೆ ಆಗಲ್ಲ ಎಂದರು, ಅದರಲ್ಲಿ ಮೇಲೆ ಹೇಳಿದ ಔಟ್‌ರೀಚಿಯೂ ಒಂದು. ಮೈಸೂರಿನ ಒಂದು ಸಣ್ಣ ಕಂಪನಿ ಕರೆದು ಮಾತಾಡಿಸಿ, ಮೂರು ತಿಂಗಳಿಗೆ ತೆಗೆದುಕೊಂಡಿತು. ತಿಂಗಳಿಗೆ 8,000 ರೂಪಾಯಿ. ಇದು ದೊಡ್ಡ ಗೆಲುವು ಎಂದು ನಾವು ಡಂಗುರ ಹೊಡೆಯುವುದಿಲ್ಲ. ಮುಂದೆ ಕೆಲಸ ಸಿಗಬೇಕು, ಉಳಿದ ವಿಷಯ ಪಾಸಾಗಬೇಕು. ಆದರೆ ಮಾರ್ಕ್ಸ್ ಕಾರ್ಡನ್ನು ಪುಸ್ತಕದ ಒಳಗೆ ಮುಚ್ಚಿಡುತ್ತಿದ್ದ ಹುಡುಗಿ ಈಗ ಮುಚ್ಚಿಡುವುದಿಲ್ಲ.

ಹೆತ್ತವರಲ್ಲಿ ಒಂದು ಮಾತು. "ಪಕ್ಕದ ಮನೆಯವನಿಗೆ 85 ಬಂತು" ಎಂದು ಮಗುವಿನ ಎದುರು ಹೇಳಬೇಡಿ. ಫೇಲಾದ ಸುದ್ದಿಯನ್ನು ಮನೆಯಲ್ಲಿ ಹೇಳಲಾಗದ ಮಗು ಮೋಸಗಾರರ ಮಾತು ಕೇಳುತ್ತದೆ, ಇಲ್ಲವೇ ಅದಕ್ಕಿಂತ ದೊಡ್ಡ ಅನಾಹುತ ಮಾಡಿಕೊಳ್ಳುತ್ತದೆ. ಮಗು ಮಂಕಾಗಿ ಕೂತಿದ್ದರೆ ಬೈಯುವ ಮೊದಲು ಹತ್ತಿರ ಕೂತು ಕೇಳಿ.

ಪ್ರಭು ಯೇಸು ಹೇಳಿದ ತಲೆಂತುಗಳ ಸಾಮತಿ ನಮಗೆಲ್ಲ ಗೊತ್ತು. ಕಡಿಮೆ ಸಿಕ್ಕಿತೆಂದು ಯಜಮಾನನು ಆ ಸೇವಕನ ಮೇಲೆ ಕೋಪ ಮಾಡಲಿಲ್ಲ. ಹೆದರಿ ಅದನ್ನು ಮಣ್ಣಿನಲ್ಲಿ ಹೂತಿಟ್ಟದ್ದಕ್ಕೆ ಕೋಪ ಮಾಡಿದ. ನಮ್ಮ ಮಕ್ಕಳ ಕೈಯಲ್ಲಿ ಇರುವುದು ಕಡಿಮೆಯೇ ಇರಬಹುದು. ಅದನ್ನು ಹೂಳಲು ನಾವು ಹಾರೆ ಕೊಡುವುದು ಬೇಡ.

ಅರ್ಜಿ ಬರೆಯಲು, ಬಂದ ಸಂದೇಶ ನಿಜವೋ ಸುಳ್ಳೋ ನೋಡಲು ಸಹಾಯ ಬೇಕಾದವರು ಮಾರ್ಕ್ಸ್ ಕಾರ್ಡ್ ಸಮೇತ ನಮ್ಮ ಕಚೇರಿಗೆ ಬನ್ನಿ. ಯಾರೂ ನಗುವುದಿಲ್ಲ.