ಎಳೆಗೂಸಿನ ಸ್ನಾನದ ತೊಟ್ಟಿಯ ಆಯ್ಕೆ

ಎಳೆಗೂಸಿನ ಆರೈಕೆಯ ವಿಷಯವು ತರಗತಿಯಲ್ಲಿ ಬಂದಾಗ ನಾವು ‘ಸ್ನಾನದ ತೊಟ್ಟಿ’ ಎಂದರೆ, ಮಕ್ಕಳು ಊಹಿಸುವುದು ದನಗಳು ನೀರು ಕುಡಿಯುವ ಕಲ್ಲುತೊಟ್ಟಿಯನ್ನು. ಅವರ ಮನೆಯ ರೂಢಿಯೇ ಬೇರೆ. ಕಾಸರಗೋಡಿನ ತೋಟದ ಮನೆಗಳಲ್ಲಿ ಕೂಸನ್ನು ಅಡಕೆಯ ಹಾಳೆಯಲ್ಲಿ ಮಲಗಿಸಿ ಮೀಯಿಸುವ ಪದ್ಧತಿಯುಂಟು. ಸೊಲ್ಲಾಪುರ, ಜತ್ತಗಳ ಕಡೆ ಅಜ್ಜಿಯು ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆಯುತ್ತಾಳೆ. ಮೀಯಿಸು, ಎರೆ, ಜಳಕ ಎಂಬ ಮಾತುಗಳನ್ನು ಮೊದಲು ಮಕ್ಕಳಿಂದಲೇ ಹೇಳಿಸಿ, ಆಮೇಲೆ ಅಂಗಡಿಯ ಪ್ಲಾಸ್ಟಿಕ್ ಟಬ್ಬಿಗೆ ಬರುವುದು ಲೇಸು. ಟಬ್ಬಿನ ಮೇಲಿನ ಸೂಚನೆಗಳು ಕನ್ನಡದಲ್ಲಿರುವುದು ಅಪರೂಪವಾದುದರಿಂದ, ತಾಯಂದಿರ ಸಭೆಯಲ್ಲಿ ಅವನ್ನು ಬಿಡಿಸಿ ಹೇಳುವ ಹೊಣೆಯೂ ಹಲವೊಮ್ಮೆ ಶಿಕ್ಷಕರದೇ ಆಗುತ್ತದೆ.

ಕಾಲ ಮೇಲೆ ಎರೆದ ನೀರು ಹರಿದುಹೋಗುತ್ತದೆ, ಟಬ್ಬಿನಲ್ಲಿ ನಿಲ್ಲುತ್ತದೆ. ಅಪಾಯದ ಮೂಲವಿರುವುದು ಇಲ್ಲಿಯೇ. ಮೂಗು ಬಾಯಿ ಮುಚ್ಚುವಷ್ಟು, ಎಂದರೆ ಸುಮಾರು 5 ಸೆಂ.ಮೀ. ನೀರಿನಲ್ಲಿಯೂ ಕೂಸು ಮುಳುಗಬಲ್ಲದು. ಅದೂ ಸದ್ದಿಲ್ಲದೆ, ಅಳು ಕೇಳಿಸಿದಾಗ ಓಡಿಬಂದರಾಯಿತು ಎಂಬ ನಂಬಿಕೆಗೆ ಆಧಾರವಿಲ್ಲ.

ಆದುದರಿಂದ ಕೊಳ್ಳುವಾಗ ಬಣ್ಣ, ಗೊಂಬೆಚಿತ್ರಗಳಿಗಿಂತ ತಳವನ್ನು ನೋಡಬೇಕು. ತಳ ಅಗಲವಾಗಿರಬೇಕು, ಅಂಚನ್ನು ಒತ್ತಿದರೆ ಮಗುಚಬಾರದು. ಒಳಮೈ ಜಾರದಂತೆ ತರಿತರಿಯಾಗಿರಬೇಕು; ತಲೆಯಿಡುವ ಕಡೆ ಇಳಿಜಾರಾಗಿದ್ದರೆ ಎರೆಯುವವರ ಕೈಗೆ ಆಸರೆ. ಅಂಚಿನ ಸುತ್ತ ಬೆರಳಾಡಿಸಿ ಚೂಪಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನೀರು ತುಂಬಿದಾಗ ಬಾಗುವ ತೆಳು ಟಬ್ಬು ಬೇಡ. ಗಾಳಿ ತುಂಬುವ ಟಬ್ಬೂ ಬೇಡ. ಅದು ಸುಲಭವಾಗಿ ವಾಲುತ್ತದೆ. ಸ್ಪಂಜಿನ ಹಾಸು ಮೆತ್ತಗೇನೋ ಇರುತ್ತದೆ, ಆದರೆ ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ಒಣಗುವುದೆಂದು? ಬೂಷ್ಟು ಹಿಡಿಯುತ್ತದೆ. ಅಂಟಿ ಕೂರುವ ರಬ್ಬರು ಬಿಲ್ಲೆಗಳ ಆಸನವನ್ನು ‘ಸುರಕ್ಷಿತ’ ಎಂದು ಮಾರುವುದುಂಟು. ಬಿಲ್ಲೆ ಬಿಟ್ಟುಕೊಂಡರೆ ಕೂಸು ಆಸನಸಹಿತ ಮಗುಚುತ್ತದೆ.

ಟಬ್ಬನ್ನು ನೆಲದ ಮೇಲಿಡಬೇಕೇ ಹೊರತು ಮೇಜಿನ ಮೇಲಲ್ಲ. ಮೊದಲು ತಣ್ಣೀರು, ಆಮೇಲೆ ಹಂಡೆಯ ಬಿಸಿನೀರು ಬೆರೆಸಿ, ಚೆನ್ನಾಗಿ ಕಲಕಿ, ಮೊಣಕೈಯಿಂದ ಮುಟ್ಟಿ ನೋಡಬೇಕು. 37ರಿಂದ 38 ಡಿಗ್ರಿ ಸೆಲ್ಸಿಯಸ್, ಎಂದರೆ ಮೈಯ ಬಿಸಿಯಷ್ಟೇ ಬೆಚ್ಚಗಿದ್ದರೆ ಸಾಕು. ಕೆಂಪಾಗುವಷ್ಟು ಬಿಸಿನೀರು ಎರೆದರೆ ಕೂಸು ಗಟ್ಟಿಯಾಗುತ್ತದೆಂಬ ಹಿರಿಯರ ಮಾತನ್ನು ಇಲ್ಲಿ ವಿನಯದಿಂದಲೇ ಬದಿಗಿಡಬೇಕಾಗುತ್ತದೆ. ಹೊಕ್ಕುಳಬಳ್ಳಿ ಬಿದ್ದು ಮಾಗುವವರೆಗೆ ಟಬ್ಬಿನ ಅಗತ್ಯವೇ ಇಲ್ಲ. ಬೆಚ್ಚನೆಯ ಒದ್ದೆಬಟ್ಟೆಯಿಂದ ಮೈ ಒರೆಸಿದರಾಯಿತು.

ಇದೆಲ್ಲ ಶಾಲೆಗೆ ಏಕೆ ಎಂದು ತರಬೇತಿಯೊಂದರಲ್ಲಿ ಪ್ರಶ್ನೆ ಬಂದಿತ್ತು. ತಾಯಿಯು ಟವೆಲು ತರಲು ಒಳಗೆ ಹೋಗುವಾಗ “ತಮ್ಮನನ್ನು ನೋಡಿಕೋ” ಎಂದು ಹೇಳುವುದು ಯಾರಿಗೆ? ನಮ್ಮ ನಾಲ್ಕನೆಯ ತರಗತಿಯ ಹುಡುಗಿಗೆ. ಆ ಹೊಣೆ ಅವಳದಲ್ಲ. ಟವೆಲು, ಸಾಬೂನು, ಬಟ್ಟೆಗಳನ್ನು ಮೊದಲೇ ಕೈಗೆಟಕುವಂತೆ ಇಟ್ಟುಕೊಳ್ಳಬೇಕೆಂದೂ, ಮರೆತರೆ ಕೂಸನ್ನು ಎತ್ತಿಕೊಂಡೇ ಹೋಗಬೇಕೆಂದೂ ತಾಯಂದಿರಿಗೆ ಹೇಳಿರಿ. ಹುಡುಗಿಗೆ ಕಲಿಸಬೇಕಾದುದು ಎರಡೇ: “ಅಮ್ಮಾ, ನೀವೇ ಇರಿ, ಟವೆಲು ನಾನು ತರುತ್ತೇನೆ” ಎನ್ನುವುದು, ಮತ್ತು ಸ್ನಾನವಾದೊಡನೆ ನೀರು ಚೆಲ್ಲಿ ಟಬ್ಬನ್ನು ಕವುಚಿಡಲು ಅಮ್ಮನಿಗೆ ನೆನಪಿಸುವುದು.